ಕಾರ್ಡ್ ಕಾಣದಿರುವುದು ಯಾರಿಗೆ?

ಲಿನಕ್ಸನ್ನೋ ಬಿಎಸ್‌ಡಿಯನ್ನೋ ಹಾಕುವಾಗ ‘ನೆಟ್‌ವರ್ಕ್ ಕಾರ್ಡ್ ಸಿಗಲಿಲ್ಲ’ ಎಂಬ ಸಾಲು ಪರದೆಯ ಮೇಲೆ ಬಂದರೆ, ಕಾರ್ಡೇ ಕೆಟ್ಟಿತೆಂದು ಬೆಂಗಳೂರಿನ ಶ್ರೀಗಂಧದ ಕಾವಲಿನಿಂದ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಬಸ್ ಹತ್ತುವುದು ಬಹುತೇಕ ದಂಡದ ಖರ್ಚು. ಆ ಸಾಲು ಹಳೆಯದೇ. ಅದರ ಹಿಂದಿನ ಕಾರಣ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಕಾರ್ಡ್ ನಿಜಕ್ಕೂ ಕಾಣದೆ ಹೋಗುತ್ತಿದ್ದುದು ಐಎಸ್‌ಎ ಸ್ಲಾಟ್‌ಗಳ ಕಾಲದಲ್ಲಿ. ಎನ್‌ಇ2000 ಬಗೆಯ ಕಾರ್ಡಿನಲ್ಲಿ ಜಂಪರ್ ಯಾವ ಪೋರ್ಟ್ ವಿಳಾಸಕ್ಕೆ, ಯಾವ ಐಆರ್‌ಕ್ಯೂಗೆ ಕೂತಿದೆಯೆಂದು ಕರ್ನಲ್ ತಡಕಿ ನೋಡಬೇಕಿತ್ತು, ಇಲ್ಲವೇ ನಾವೇ ಬೂಟ್ ಹೊತ್ತಿನಲ್ಲಿ ಬರೆದುಕೊಡಬೇಕಿತ್ತು. ಐಆರ್‌ಕ್ಯೂ 3 ಆದರೆ ಎರಡನೇ ಸೀರಿಯಲ್ ಪೋರ್ಟಿನೊಡನೆ ಜಗಳ. ತಪ್ಪು ವಿಳಾಸ ಮುಟ್ಟಿದರೆ ಇಡೀ ಯಂತ್ರವೇ ಸ್ತಬ್ಧ. ಲಿನಕ್ಸ್ ಈ ಗೋಜಲಿನಿಂದ ಪಾರಾದದ್ದರಲ್ಲಿ ನಾಸಾದಲ್ಲಿದ್ದ ಡೊನಾಲ್ಡ್ ಬೆಕರ್ ಬರೆದ ಡ್ರೈವರ್‌ಗಳ ಪಾಲು ದೊಡ್ಡದು.

1992ರಲ್ಲಿ ಬಂದ ಪಿಸಿಐ ಇದನ್ನು ಬುಡಸಮೇತ ಬದಲಿಸಿತು. ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎರಡನ್ನೂ ಕಾರ್ಡ್ ತಾನೇ ಒಪ್ಪಿಸತೊಡಗಿತು. ಇನ್‌ಸ್ಟಾಲರ್‌ನಲ್ಲೇ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಎಂದು ಕೊಟ್ಟಾಗ ಬರುವ ಸಾಧನಗಳ ಪಟ್ಟಿಯಲ್ಲಿ ‘10ಇಸಿ:8168’ ಕಂಡರೆ ಅದು ರಿಯಲ್‌ಟೆಕ್ ಚಿಪ್, ಜೀವಂತವಾಗಿಯೇ ಇದೆ. ಓಪನ್‌ಬಿಎಸ್‌ಡಿ ಇನ್ನೂ ನೇರ: ಡ್ರೈವರ್ ಇಲ್ಲದ ಸಾಧನದ ಹೆಸರು ಬರೆದು ಮುಂದೆ ‘ನಾಟ್ ಕಾನ್ಫಿಗರ್ಡ್’ ಎನ್ನುತ್ತದೆ. ಕೊರತೆ ಇರುವುದು ಕಾರ್ಡಿನಲ್ಲಲ್ಲ, ಅದನ್ನು ನಡೆಸುವ ತಿಳಿವಳಿಕೆಯಲ್ಲಿ.

2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ 2005ಕ್ಕೆ ಫಾಸ್.ಇನ್ ಆಗುವ ಹೊತ್ತಿಗೆ ತಂತಿಯ ಕಾರ್ಡ್‌ಗಳ ಗೋಳು ತಗ್ಗಿ ವೈಫೈ ಗೋಳು ಏರಿತ್ತು. ಈಗ ಡ್ರೈವರ್ ಇದ್ದರೂ ಸಾಲದು. ಚಿಪ್‌ಗೆ ತುಂಬಬೇಕಾದ ಫರ್ಮ್‌ವೇರನ್ನು ಹಂಚಲು ಕಂಪನಿಯ ಅನುಮತಿ ಬೇಕು. ತಾಂತ್ರಿಕ ದೋಷವೆಂದು ಕಾಣುವುದು ಇಲ್ಲಿ ಪರವಾನಗಿಯ ತಕರಾರು. 2011ರ ಡೆಬಿಯನ್ 6 ಮುಕ್ತವಲ್ಲದ ಫರ್ಮ್‌ವೇರನ್ನು ಕರ್ನಲ್‌ನಿಂದ ಹೊರಗಿಟ್ಟಿತು. ನೆಟ್ ಬೇಕಾದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಇಳಿಸಲು ನೆಟ್ ಬೇಕು! 2022ರಲ್ಲಿ ಮತಕ್ಕೆ ಹಾಕಿ, 2023ರ ಡೆಬಿಯನ್ 12ರಿಂದ ಅದನ್ನು ಅಧಿಕೃತ ಇನ್‌ಸ್ಟಾಲರ್‌ಗೆ ಸೇರಿಸಿದರು.

ಇದು ತತ್ವದಲ್ಲಿ ರಾಜಿ ಎನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಬಹಳಷ್ಟು ಕಾರ್ಡ್‌ಗಳಲ್ಲಿ ಅಂಥದೇ ಮುಚ್ಚಿದ ಕೋಡ್ ಚಿಪ್‌ನೊಳಗೇ ಕೂತಿರುತ್ತದೆ. ಡಿಸ್ಕಿನಿಂದ ತುಂಬುವುದನ್ನು ಮಾತ್ರ ಬೇಡವೆನ್ನುವುದು ಬಳಸುವವರಿಗೆ ಹೆಚ್ಚಿನ ಸ್ವಾತಂತ್ರ್ಯವನ್ನೇನೂ ಕೊಡದು. ಇನ್ನು ಸಮಸ್ಯೆ ಮುಗಿದೇಹೋಯಿತು ಎನ್ನುವವರ ವಾದವೂ ಪೂರ್ತಿ ನಿಲ್ಲದು. ಚಿಪ್ ಹೊಸದು, ಇನ್‌ಸ್ಟಾಲರ್‌ನ ಕರ್ನಲ್ ಹಳೆಯದು ಆದರೆ ಅದೇ ಸಾಲು ಮತ್ತೆ ಬರುತ್ತದೆ. ‘ಎಲ್‌ಎಸ್‌ಪಿಸಿಐ’ ಪಟ್ಟಿಯಲ್ಲಿ ಕಾರ್ಡಿನ ಸುಳಿವೇ ಇಲ್ಲದಿದ್ದರೆ ಮಾತ್ರ ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಆಫ್ ಆಗಿದೆಯೇ, ಕಾರ್ಡ್ ಸ್ಲಾಟ್‌ನಲ್ಲಿ ಸರಿಯಾಗಿ ಕೂತಿದೆಯೇ ನೋಡಬೇಕು. ಯುಎಸ್‌ಬಿ ಡಾಂಗಲ್ ಆದರೆ ‘ಎಲ್‌ಎಸ್‌ಯುಎಸ್‌ಬಿ’ ಕೊಡಬೇಕು. ಉಳಿದ ಸಂದರ್ಭಗಳಲ್ಲಿ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಸಾಮಾನ್ಯವಾಗಿ ಫೋನನ್ನೇ ನೆಟ್‌ವರ್ಕ್ ಕಾರ್ಡ್ ಎಂದು ಒಪ್ಪಿಕೊಳ್ಳುತ್ತದೆ. ಬೇಕಾದ ಕರ್ನಲ್, ಫರ್ಮ್‌ವೇರ್ ಎರಡನ್ನೂ ಆ ದಾರಿಯಲ್ಲೇ ಇಳಿಸಿಕೊಳ್ಳಬಹುದು.