ಲಾವಾ ನೆಲದಲ್ಲಿ ಅರಮನೆ ರೈಲು: ನಾಲ್ಕು ತಾಲ್ಲೂಕುಗಳಿಗೆ ದಕ್ಕಿದ್ದೇನು?

ಜ್ವಾಲಾಮುಖಿಯ ನೆಲದಲ್ಲಿ ಐಷಾರಾಮಿ ಪ್ರವಾಸ ಎಂದೊಡನೆ ನೆನಪಾಗುವುದು ದೂರದ ಐಸ್‌ಲ್ಯಾಂಡ್. ಅಲ್ಲಿನ ಭೂಭಾಗದ ಸುಮಾರು ಹತ್ತನೇ ಒಂದು ಪಾಲು ಹಿಮನದಿಗಳಿಂದ ಆವೃತವಾಗಿದೆ. ಉಳ್ಳವರು ಖಾಸಗಿ ವಾಹನ, ಹೆಲಿಕಾಪ್ಟರ್‌ಗಳಲ್ಲಿ ಲಾವಾ ಬಯಲುಗಳನ್ನು ಸುತ್ತುತ್ತಾರೆ. ಕರ್ನಾಟಕದ ಉತ್ತರದ ಅಂಚಿನಲ್ಲಿ ಹಿಮವಿಲ್ಲ. ಆದರೆ ಲಾವಾ ಬಯಲಿದೆ, ಅದರ ಮೇಲೆ ಅರಮನೆಯಂಥ ರೈಲು ಓಡಿದ ಇತಿಹಾಸವೂ ಇದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯೇ ಆ ನೆಲ.

ಬೆಂಕಿಯಿಂದ ಹುಟ್ಟಿದ ಎರೆಭೂಮಿ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊಮ್ಮಿದ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಅದನ್ನು ಭೂವಿಜ್ಞಾನಿಗಳು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲು ಎಂಬರ್ಥದ ಪದದಿಂದ ಈ ಹೆಸರು ಬಂದಿದೆ. ಇಂದು ಉಳಿದಿರುವ ಶಿಲಾಹಾಸು ಸುಮಾರು 5 ಲಕ್ಷ ಚದರ ಕಿಲೋಮೀಟರ್ ವ್ಯಾಪಿಸಿದೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪವಿರುವ ಈ ಹಾಸು ವಿಜಯಪುರದ ಕಡೆಗೆ ತೆಳುವಾಗುತ್ತ ಬಂದು, ಮುದ್ದೇಬಿಹಾಳದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆಗೆ ಅದಕ್ಕಿಂತ ಎಷ್ಟೋ ಹಳೆಯದಾದ ಸುಣ್ಣಕಲ್ಲು, ಗ್ರಾನೈಟ್ ಶಿಲೆಗಳು ತಲೆ ಎತ್ತುತ್ತವೆ.

ಈ ಕಪ್ಪು ಕಲ್ಲು ಸವೆದು ಆದದ್ದೇ ಎರೆಮಣ್ಣು. ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಗುಣದಿಂದಾಗಿಯೇ ಇಲ್ಲಿ ಹಿಂಗಾರಿನ ಬಿಳಿಜೋಳ ಬೆಳೆಯುತ್ತದೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ನದಿ. ಡೋಣಿ ಸೀಮೆ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಇಲ್ಲಿ ಮನೆಮಾತು. ವಿಜಯಪುರದ ಗೋಳಗುಮ್ಮಟವೂ ಇದೇ ಬಸಾಲ್ಟ್ ಶಿಲೆಯ ಕಟ್ಟಡ.

ಹಳಿ ಬಂದ ಬಗೆ

ಹೋಟಗಿ-ಗದಗ ಮೀಟರ್ ಗೇಜ್ ಮಾರ್ಗ 1880ರ ದಶಕದಲ್ಲಿ ಸಂಚಾರಕ್ಕೆ ತೆರೆಯಿತು. ಸೊಲ್ಲಾಪುರದ ಕಡೆಯಿಂದ ಬರುವ ಗಾಡಿ ಇಂಡಿ ರೋಡ್, ಗುರುದೇವ ರಾನಡೆ ಅವರ ಆಶ್ರಮವಿರುವ ನಿಂಬಾಳ, ವಿಜಯಪುರ, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳನ್ನು ದಾಟಿ ಆಲಮಟ್ಟಿಯ ಬಳಿ ಕೃಷ್ಣೆಯನ್ನು ಹಾಯುತ್ತದೆ. ಬಾದಾಮಿ ತಲಪುವಷ್ಟರಲ್ಲಿ ಕಿಟಕಿಯಾಚೆಯ ಕಪ್ಪು ಲಾವಾ ಹೋಗಿ ಕೆಂಪು ಮರಳುಗಲ್ಲು ಬಂದಿರುತ್ತದೆ. ಒಂದೇ ದಿನದ ಪಯಣದಲ್ಲಿ ನೂರು ಕೋಟಿ ವರ್ಷಗಳಿಗೂ ಹಿಂದಿನ ಭೂಚರಿತ್ರೆಗೆ ಸಾಗಿದಂತಾಗುತ್ತದೆ. ಈ ಮಾರ್ಗ ಬ್ರಾಡ್ ಗೇಜ್ ಆದ ಮೇಲಷ್ಟೇ ಐಷಾರಾಮಿ ರೈಲುಗಳಿಗೆ ದಾರಿ ತೆರೆಯಿತು.

ಎರಡು ರೈಲು, ಎರಡು ದಾರಿ

ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಮತ್ತು ಭಾರತೀಯ ರೈಲ್ವೆ 2004ರಲ್ಲಿ ಆರಂಭಿಸಿದ 'ಡೆಕ್ಕನ್ ಒಡಿಸ್ಸಿ' 21 ಬೋಗಿಗಳ ರೈಲು. ಭೋಜನಗೃಹ, ಪಾನಗೃಹ, ಸ್ಪಾ, ಸ್ನಾನಗೃಹ ಸಹಿತ ಮಲಗುವ ಕೋಣೆಗಳು ಇದರಲ್ಲಿವೆ. ವಾರದ ಪ್ರವಾಸಕ್ಕೆ ಒಬ್ಬರಿಗೆ ಲಕ್ಷಗಟ್ಟಲೆ ರೂಪಾಯಿ ದರ. ಕೋವಿಡ್‌ನಿಂದಾಗಿ 2020ರಲ್ಲಿ ನಿಲ್ಲುವ ಮೊದಲು ಈ ರೈಲಿನ 'ಜ್ಯುವೆಲ್ಸ್ ಆಫ್ ದಿ ಡೆಕ್ಕನ್' ಪ್ರವಾಸಪಟ್ಟಿಯಲ್ಲಿ ವಿಜಯಪುರ, ಐಹೊಳೆ-ಪಟ್ಟದಕಲ್ಲು, ಹಂಪಿ, ಹೈದರಾಬಾದ್, ಎಲ್ಲೋರಾ, ಅಜಂತಾಗಳಿದ್ದವು. 2023ರಲ್ಲಿ ರೈಲು ಮತ್ತೆ ಹಳಿಗಿಳಿಯಿತು.

ಕರ್ನಾಟಕದ ಸ್ವಂತ ಐಷಾರಾಮಿ ರೈಲು 'ಗೋಲ್ಡನ್ ಚಾರಿಯಟ್' 2008ರಲ್ಲಿ ಆರಂಭವಾಯಿತು. ಅದರ ಬೋಗಿಗಳಿಗೆ ಈ ನಾಡನ್ನಾಳಿದ ರಾಜವಂಶಗಳ ಹೆಸರುಗಳಿವೆ. ಆದಿಲ್‌ಶಾಹಿ ಎಂಬುದೂ ಅವುಗಳಲ್ಲೊಂದು. ಆದರೆ ಮೊದಲ ಪ್ರವಾಸಪಟ್ಟಿ ಉತ್ತರದಲ್ಲಿ ಬಾದಾಮಿಗೇ ಕೊನೆಗೊಂಡು ಗೋವೆಯತ್ತ ತಿರುಗಿತು. ಆದಿಲ್‌ಶಾಹಿಗಳ ಹೆಸರು ಹೊತ್ತ ಬೋಗಿ ಅವರ ರಾಜಧಾನಿಯನ್ನು ಕಾಣಲಿಲ್ಲ. 2018ರ ನಂತರ ಸ್ಥಗಿತಗೊಂಡಿದ್ದ ಈ ರೈಲಿನ ನಿರ್ವಹಣೆಯನ್ನು 2019ರ ಒಪ್ಪಂದದಂತೆ ಐಆರ್‌ಸಿಟಿಸಿ ವಹಿಸಿಕೊಂಡಿತು.

ಕಿಟಕಿಯಾಚೆಯ ನಾಡು

ನೆರೆರಾಜ್ಯದ ರೈಲು ವಿಜಯಪುರಕ್ಕೆ ಬಂದರೂ ಅದರ ಅತಿಥಿಗಳಿಗೆ ಈ ನಾಲ್ಕು ತಾಲ್ಲೂಕುಗಳು ಕಿಟಕಿಯಾಚೆಯ ಹೊಲಗಳಾಗಿಯೇ ಉಳಿದವು. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗಂತೂ ರೈಲುಮಾರ್ಗವೇ ಇಲ್ಲ. ಆಲಮಟ್ಟಿ-ಯಾದಗಿರಿ ಮಾರ್ಗದ ಬೇಡಿಕೆ ಹಳೆಯದು.

ತೋರಿಸಲು ಏನೂ ಇಲ್ಲವೆಂದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನದಿಂದ ಪ್ರಸಿದ್ಧವಾದ ವಿದ್ಯಾಕೇಂದ್ರ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ವಿಜಯಪುರದಿಂದ ಸುಮಾರು 43 ಕಿ.ಮೀ. ದೂರ. ಮುದ್ದೇಬಿಹಾಳ ಸೀಮೆಯ ತಾಳಿಕೋಟೆ 2018ರಿಂದ ಪ್ರತ್ಯೇಕ ತಾಲ್ಲೂಕು ಕೇಂದ್ರ. ವಿಜಯನಗರದ ಪತನಕ್ಕೆ ಕಾರಣವಾದ 1565ರ ಕದನಕ್ಕೆ ಅಂಟಿಕೊಂಡಿರುವುದು ಇದೇ ಊರಿನ ಹೆಸರು. ಗೆದ್ದವರ ರಾಜಧಾನಿಯನ್ನೂ ಸೋತವರ ಹಾಳೂರನ್ನೂ ತೋರಿಸುವ ಪ್ರವಾಸ, ನಡುವಿನ ಈ ನೆಲವನ್ನು ಮಾತ್ರ ಬಿಟ್ಟು ಸಾಗಿತು.

ಐಷಾರಾಮಿ ರೈಲುಗಳ ಋತು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಏಪ್ರಿಲ್. ಜೋಳದ ಋತುವೂ ಹೆಚ್ಚುಕಡಿಮೆ ಅದೇ. ಎಳ್ಳಮಾವಾಸ್ಯೆಯಂದು ರೈತ ಕುಟುಂಬಗಳು ಹೊಲಕ್ಕೆ ಬಂದು ಚರಗ ಚೆಲ್ಲುತ್ತವೆ. ಮುಂದೆ ಎಳೆ ತೆನೆ ಸುಟ್ಟು ಸೀತನಿ ಸವಿಯುತ್ತವೆ. ಇದಕ್ಕೆ ಹೊಸ ಹಳಿಯೂ ಬೇಡ, ಸ್ಪಾ ಕೂಡ ಬೇಡ. ಇಂಡಿ ರೋಡ್ ಅಥವಾ ಬಸವನ ಬಾಗೇವಾಡಿ ರೋಡ್‌ನಲ್ಲಿ ಅರ್ಧ ದಿನದ ನಿಲುಗಡೆ, ಅಲ್ಲಿಂದ ಒಳ್ಳೆಯ ರಸ್ತೆ, ವಿವರಿಸಬಲ್ಲ ಸ್ಥಳೀಯ ಮಾರ್ಗದರ್ಶಿಗಳು ಇದ್ದರೆ ಸಾಕು. ಲಕ್ಷಗಳ ಪ್ರವಾಸದಲ್ಲಿ ಒಂದಿಷ್ಟು ಪಾಲು ಎರೆಹೊಲದ ಊರುಗಳಿಗೂ ಸಂದೀತು. ಅಲ್ಲಿಯವರೆಗೆ ಈ ಸೀಮೆಯ ಜನರಿಗೆ ಅರಮನೆ ರೈಲೆಂದರೆ ಹೊಲದಂಚಿನಲ್ಲಿ ನಿಂತು ನೋಡುವ ಸಾಲುದೀಪ ಮಾತ್ರ.