ಬಹು ಅಪರಾಧಗಳಿಗೆ ಶಿಕ್ಷೆ (ಭಾರತ)

ಬಹು ಅಪರಾಧಗಳಿಗೆ ಶಿಕ್ಷೆ ಎಂದರೆ ಒಬ್ಬನೇ ವ್ಯಕ್ತಿ ಎರಡು ಅಥವಾ ಹೆಚ್ಚು ಅಪರಾಧಗಳಲ್ಲಿ ದೋಷಿಯೆಂದು ತೀರ್ಮಾನವಾದಾಗ ನ್ಯಾಯಾಲಯವು ಶಿಕ್ಷೆಗಳನ್ನು ವಿಧಿಸುವ ಹಾಗೂ ಅವುಗಳ ಜಾರಿಯ ಕ್ರಮವನ್ನು ನಿರ್ಧರಿಸುವ ವಿಧಾನ. ಭಾರತದಲ್ಲಿ ಇದನ್ನು ಮುಖ್ಯವಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 25ನೆಯ ಕಲಂ ನಿಯಂತ್ರಿಸುತ್ತದೆ. 2024ರ ಜುಲೈ 1ಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆ, 1973ರ 31ನೆಯ ಕಲಂ ಜಾರಿಯಲ್ಲಿತ್ತು.

ವಿಧಗಳು

ಶಿಕ್ಷೆಗಳು ಏಕಕಾಲದಲ್ಲಿ ಅಥವಾ ಒಂದರ ನಂತರ ಒಂದರಂತೆ ಜಾರಿಯಾಗಬಹುದು. ಉದಾಹರಣೆಗೆ, ಒಂದು ಅಪರಾಧಕ್ಕೆ 3 ವರ್ಷ, ಇನ್ನೊಂದಕ್ಕೆ 2 ವರ್ಷ ಕಾರಾವಾಸ ವಿಧಿಸಿದರೆ ಮೊದಲ ಕ್ರಮದಲ್ಲಿ ಒಟ್ಟು ಅವಧಿ 3 ವರ್ಷ, ಎರಡನೆಯ ಕ್ರಮದಲ್ಲಿ 5 ವರ್ಷ. ಹೀಗಾಗಿ ತೀರ್ಪಿನಲ್ಲಿ ಜಾರಿಯ ಕ್ರಮವನ್ನು ಸ್ಪಷ್ಟಪಡಿಸುವುದು ಅಪರಾಧಿಯ ಬಿಡುಗಡೆಯ ದಿನವನ್ನೇ ನಿರ್ಧರಿಸುತ್ತದೆ.

ಕಾನೂನಿನ ಬದಲಾವಣೆ

ಹಳೆಯ ಸಂಹಿತೆಯಂತೆ, ಏಕಕಾಲದ ಜಾರಿಗೆ ನ್ಯಾಯಾಲಯವು ನಿರ್ದೇಶಿಸದಿದ್ದರೆ ಶಿಕ್ಷೆಗಳು ಒಂದರ ನಂತರ ಒಂದರಂತೆ ಜಾರಿಯಾಗುತ್ತಿದ್ದವು. ಹೊಸ ಸಂಹಿತೆಯಂತೆ ನ್ಯಾಯಾಲಯವು ಅಪರಾಧಗಳ ಗಂಭೀರತೆಯನ್ನು ಪರಿಗಣಿಸಿ ಎರಡರಲ್ಲಿ ಒಂದು ಕ್ರಮವನ್ನು ಆದೇಶಿಸಬೇಕು.

ಮಿತಿಗಳು

ಒಟ್ಟು ಶಿಕ್ಷೆಯು ಒಂದು ಅಪರಾಧಕ್ಕೆ ತಾನು ವಿಧಿಸಬಹುದಾದ ಶಿಕ್ಷೆಯನ್ನು ಮೀರುತ್ತದೆ ಎಂಬ ಕಾರಣಕ್ಕೆ ಮಾತ್ರ ಪ್ರಕರಣವನ್ನು ಮೇಲಿನ ನ್ಯಾಯಾಲಯಕ್ಕೆ ಕಳುಹಿಸಬೇಕಾಗಿಲ್ಲ. ಆದರೆ ಅಂತಹ ಒಟ್ಟು ಅವಧಿ ಆ ಅಧಿಕಾರದ ಎರಡರಷ್ಟನ್ನಾಗಲಿ, 20 ವರ್ಷಗಳನ್ನಾಗಲಿ ಮೀರುವಂತಿಲ್ಲ. ಹಳೆಯ ಸಂಹಿತೆಯಲ್ಲಿ ಈ ಗರಿಷ್ಠ ಮಿತಿ 14 ವರ್ಷವಾಗಿತ್ತು. 3 ವರ್ಷದವರೆಗೆ ಕಾರಾವಾಸ ವಿಧಿಸಬಲ್ಲ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಒಂದೇ ವಿಚಾರಣೆಯಲ್ಲಿ ಒಟ್ಟು 6 ವರ್ಷ ಮೀರದಂತೆ ಶಿಕ್ಷೆ ನೀಡಬಹುದು.

ನ್ಯಾಯಾಲಯದ ತೀರ್ಪುಗಳು

ಮೊಹಮ್ಮದ್ ಅಖ್ತರ್ ಹುಸೇನ್ ಪ್ರಕರಣದಲ್ಲಿ (1988) ಸರ್ವೋಚ್ಚ ನ್ಯಾಯಾಲಯವು ಒಂದೇ ವ್ಯವಹಾರದಿಂದ ಹುಟ್ಟಿದ ಅಪರಾಧಗಳಿಗೆ ಸಾಮಾನ್ಯವಾಗಿ ಏಕಕಾಲದ ಶಿಕ್ಷೆ ಸೂಕ್ತವೆಂದೂ, ವ್ಯವಹಾರಗಳು ಬೇರೆಬೇರೆಯಾಗಿದ್ದರೆ ಈ ನಿಯಮ ಅನ್ವಯಿಸದೆಂದೂ ಹೇಳಿತು. ಮುತ್ತುರಾಮಲಿಂಗಂ ಪ್ರಕರಣದಲ್ಲಿ (2016) ಸಂವಿಧಾನ ಪೀಠವು ಅನೇಕ ಜೀವಾವಧಿ ಶಿಕ್ಷೆಗಳನ್ನು ವಿಧಿಸಬಹುದಾದರೂ ಅವುಗಳನ್ನು ಒಂದರ ನಂತರ ಒಂದರಂತೆ ಜಾರಿಗೊಳಿಸಲಾಗದು ಎಂದು ತೀರ್ಮಾನಿಸಿತು; ಮನುಷ್ಯನಿಗಿರುವುದು ಒಂದೇ ಜೀವನ ಎಂಬುದು ಇದರ ಆಧಾರ. ಆದರೆ ಒಂದು ಜೀವಾವಧಿ ಶಿಕ್ಷೆಯಲ್ಲಿ ದೊರೆತ ಮಾಫಿಯು ತಾನಾಗಿಯೇ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ನಿಗದಿತ ಅವಧಿಯ ಶಿಕ್ಷೆಯನ್ನು ಮೊದಲು ಅನುಭವಿಸಿ, ಬಳಿಕ ಜೀವಾವಧಿ ಶಿಕ್ಷೆ ಆರಂಭವಾಗಲೆಂದು ಆದೇಶಿಸಬಹುದು. ಇದರ ತಿರುವುಮುರುವು ಕ್ರಮಕ್ಕೆ ಅವಕಾಶವಿಲ್ಲ.

ದಂಡ ಪಾವತಿಸದಿದ್ದಲ್ಲಿ

ದಂಡದ ಹಣ ಕಟ್ಟದಿದ್ದರೆ ಅನುಭವಿಸಬೇಕಾದ ಕಾರಾವಾಸಗಳನ್ನು ಏಕಕಾಲದಲ್ಲಿ ಜಾರಿಗೊಳಿಸಲು ನಿರ್ದೇಶಿಸುವಂತಿಲ್ಲ ಎಂದು ಶರದ್ ಹಿರು ಕೊಲಂಬೆ ಪ್ರಕರಣದಲ್ಲಿ (2018) ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಆದ್ದರಿಂದ ಮುಖ್ಯ ಶಿಕ್ಷೆಗಳು ಒಟ್ಟಿಗೆ ಮುಗಿದರೂ ದಂಡ ಕಟ್ಟಲಾಗದ ಕೈದಿಯ ಸೆರೆವಾಸ ಮುಂದುವರಿಯಬಹುದು.