ಎರಡನೆಯ ಬೀಗದ ಕೈ

ಬೀಗ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಬಾಗಿಲಿಗೆ ಹಾಕುವುದೂ ಬೀಗವೇ; ಮಕ್ಕಳ ಮದುವೆಯಿಂದ ನೆಂಟನಾದವನೂ ಬೀಗನೇ. ಒಂದು ಹೊರಗಿನವರನ್ನು ಹೊರಗೇ ನಿಲ್ಲಿಸುತ್ತದೆ, ಇನ್ನೊಂದು ಹೊರಗಿನವರನ್ನು ಮನೆಯೊಳಕ್ಕೆ ಕರೆತರುತ್ತದೆ. ಇವೆರಡಕ್ಕೂ ಮೂಲ ಒಂದೇ ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಬೀಗವನ್ನು ಕುರಿತು ಮಾತನಾಡಹೊರಟಾಗಲೆಲ್ಲ ಬೀಗರ ನೆನಪೂ ಬರುತ್ತದೆ. ಅದು ಏಕೆಂಬುದು ಈ ಮಾತಿನ ಕೊನೆಯ ಹೊತ್ತಿಗೆ ತಿಳಿಯಬಹುದು.

ಬೀಗವನ್ನು ತೆರೆಯುವ ಸಾಧನಕ್ಕೆ ನಾವು ಬೀಗದ ಕೈ ಎನ್ನುತ್ತೇವೆ. ಉತ್ತರ ಕರ್ನಾಟಕದವರು ಕೀಲಿಕೈ ಎನ್ನುತ್ತಾರೆ. ಎರಡರಲ್ಲಿಯೂ ‘ಕೈ’ ಇದೆ. ಆ ಕೈ ಯಾರ ಕೈಯಲ್ಲಿದೆಯೋ ಅವನೇ ಯಜಮಾನ. ನನ್ನ ಇಂದಿನ ಮಾತು ದಿನವೂ ಜೇಬಿನಲ್ಲಿ ಓಡಾಡುವ ಆ ಕೈಯನ್ನು ಕುರಿತದ್ದಲ್ಲ. ಆಪತ್ಕಾಲಕ್ಕೆಂದು ಎಲ್ಲಿಯೋ ತೆಗೆದಿರಿಸಿ ಮರೆತುಬಿಡುವ ಎರಡನೆಯ ಕೈಯನ್ನು ಕುರಿತದ್ದು.

ನನ್ನ ಬಾಲ್ಯದ ಹಳ್ಳಿಯ ಮನೆಗೆ ಇಂಥ ಎರಡನೆಯ ಕೈ ಇರಲಿಲ್ಲ. ನಿಜ ಹೇಳಬೇಕೆಂದರೆ ಮುಂಬಾಗಿಲಿಗೆ ಮೊದಲನೆಯದೂ ಇರಲಿಲ್ಲ. ರಾತ್ರಿ ಒಳಗಿನಿಂದ ಅಗುಳಿ ಜಡಿದರೆ ಮುಗಿಯಿತು. ಹಗಲು ಆ ಮನೆ ಬರಿದಾದುದನ್ನು ನಾನು ಕಂಡಿಲ್ಲ. ಮದುವೆಗೋ ಜಾತ್ರೆಗೋ ಎಲ್ಲರೂ ಹೊರಟರೂ ಜಗಲಿಯ ಮೇಲೆ ಒಬ್ಬ ಮುದುಕರಾದರೂ ಕುಳಿತಿರುತ್ತಿದ್ದರು. ಬೀಗವಿದ್ದುದು ಉಗ್ರಾಣಕ್ಕೆ ಮತ್ತು ಒಡವೆಯ ಪೆಟ್ಟಿಗೆಗೆ. ಅವುಗಳ ಕೈಗೊಂಚಲು ಅಜ್ಜಿಯ ಸೊಂಟದಲ್ಲಿತ್ತು. ಆಕೆ ಹಾಸಿಗೆ ಹಿಡಿದ ಮೇಲೆ ಅದು ದೊಡ್ಡಮ್ಮನ ಸೊಂಟಕ್ಕೆ ಬಂತು. ಮಾತಿಲ್ಲದೆ ನಡೆದ ಆ ಅಧಿಕಾರ ಹಸ್ತಾಂತರವನ್ನು ಮನೆಯವರೆಲ್ಲ ಅರಿತರು. ಬಾಗಿಲ ಕಾವಲನ್ನು ಮನುಷ್ಯರೇ ಮಾಡುತ್ತಿದ್ದ ಮನೆಗೆ ಕಬ್ಬಿಣದ ಇನ್ನೊಂದು ಕೈ ಅನಗತ್ಯವಾಗಿತ್ತು.

ಪ್ರಾಚೀನರಿಗೂ ಎರಡನೆಯ ಕೈ ಸುಲಭವಾಗಿ ದೊರೆಯುವ ವಸ್ತುವಾಗಿರಲಿಲ್ಲ. ಈಜಿಪ್ಟ್ ಮೊದಲಾದೆಡೆ ಬಳಕೆಯಲ್ಲಿದ್ದ ಮರದ ಬೀಗದಲ್ಲಿ ಅಗುಳಿಯ ರಂಧ್ರಗಳೊಳಕ್ಕೆ ಮರದ ಗೂಟಗಳು ಇಳಿದು ಕೂರುತ್ತಿದ್ದವು. ಹಲ್ಲುಗಳಿದ್ದ ದೊಡ್ಡ ಮರದ ಕೈಯಿಂದ ಅವುಗಳನ್ನು ಮೇಲಕ್ಕೆತ್ತಿ ಅಗುಳಿಯನ್ನು ಎಳೆಯಬೇಕಾಗಿತ್ತು. ಹೋಮರನ ಒಡಿಸ್ಸಿಯಲ್ಲಿ ಪೆನೆಲೋಪೆ ಗಂಡನ ಬಿಲ್ಲನ್ನು ತರಲು ಭಂಡಾರದ ಕೋಣೆಗೆ ಹೋಗುವಾಗ ಆಕೆಯ ಕೈಯಲ್ಲಿ ದಂತದ ಹಿಡಿಯುಳ್ಳ ಕಂಚಿನ ಬೀಗದ ಕೈಯೊಂದಿರುತ್ತದೆ. ರೋಮನರು ಬೀಗದ ಕೈಯನ್ನು ಉಂಗುರವಾಗಿಯೇ ಮಾಡಿಸಿ ಬೆರಳಿಗೆ ತೊಟ್ಟರು. ಕಳೆಯದಂತೆ ನೋಡಿಕೊಳ್ಳುವ ಉಪಾಯ ಅದಕ್ಕಿಂತ ಬೇರೆ ಏನಿದ್ದೀತು? ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿ. ಅಂತಃಪುರದೊಳಕ್ಕೆ ಹೋಗುವ, ಹೊರಕ್ಕೆ ಬರುವ ವಸ್ತುಗಳ ಕಾವಲಿಗೆ ಅಲ್ಲಿ ಮುದ್ರೆಯೇ ಮುಖ್ಯ. ಬೀಗ ತಡೆಯುತ್ತದೆ, ಮುದ್ರೆ ತಡೆಯುವುದಿಲ್ಲ, ಆದರೆ ಒಡೆದವನನ್ನು ಹೇಳಿಕೊಡುತ್ತದೆ. ಕೌಟಿಲ್ಯನಂಥವನಿಗೆ ಎರಡನೆಯದೇ ಹೆಚ್ಚು ಪ್ರಯೋಜನಕಾರಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಕಮ್ಮಾರನು ಒಂದೊಂದು ಬೀಗವನ್ನೂ ಕೈಯಿಂದ ಮಾಡುತ್ತಿದ್ದಾಗ ಅದರ ಕೈಯೂ ಅದಕ್ಕೊಂದೇ ಹೊಂದುತ್ತಿತ್ತು. ಹಿಂದೆ ಹೈದರಾಲಿ ಫೌಜುದಾರನಾಗಿದ್ದ ದಿಂಡಿಗಲ್ಲಿನಲ್ಲಿ ಇಂಥ ಕೈಗೆಲಸದ ಬೀಗಗಳ ಪರಂಪರೆಯಿದೆ. 2019ರಲ್ಲಿ ಅವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇನ್ನೊಂದು ಕೈ ಬೇಕೆಂದರೆ ಕಮ್ಮಾರನು ಮತ್ತೆ ಕುಳಿತು ಅರದಿಂದ ಉಜ್ಜಬೇಕು. ಆಗ ಅವನೂ ನಿಮ್ಮ ಮನೆಯ ಗುಟ್ಟನ್ನು ಬಲ್ಲವನಾಗುತ್ತಾನೆ.

ಯಂತ್ರಯುಗ ಇದನ್ನು ಬದಲಾಯಿಸಿತು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1784ರಲ್ಲಿ ಹೊಸ ಬಗೆಯ ಬೀಗಕ್ಕೆ ಹಕ್ಕುಪತ್ರ ಪಡೆದ. ಮುಂದೆ ಅವನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನು ತೂಗುಹಾಕಿ, ಕೈಯಿಲ್ಲದೆ ತೆರೆದವರಿಗೆ 200 ಗಿನ್ನಿ ಬಹುಮಾನವೆಂದು ಸಾರಲಾಯಿತು. ಆ ಪಂಥ ದಶಕಗಳ ಕಾಲ ಹಾಗೆಯೇ ಉಳಿಯಿತು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಕುಶಲಿ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಅದನ್ನು ತೆರೆದುಬಿಟ್ಟ. ಅಮೆರಿಕದ ಲೈನಸ್ ಯೇಲ್ ಎಂಬ ತಂದೆಮಕ್ಕಳು ಈಜಿಪ್ಟಿನ ಮರದ ಗೂಟಗಳ ತತ್ತ್ವವನ್ನೇ ಲೋಹದ ಪುಟ್ಟ ಕಡ್ಡಿಗಳಿಗೆ ಇಳಿಸಿದರು. ಮಗನು 1861 ಮತ್ತು 1865ರಲ್ಲಿ ಪಡೆದ ಹಕ್ಕುಪತ್ರಗಳಿಂದ ಇಂದು ನಮ್ಮ ಜೇಬಿನಲ್ಲಿರುವ ಚಪ್ಪಟೆ ಕೈ ಲೋಕಕ್ಕೆ ಬಂತು. ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗದ ಕಾರ್ಖಾನೆ ತೆರೆದದ್ದು 1897ರಲ್ಲಿ. ಯಂತ್ರ ಒಂದು ಕೈಯನ್ನು ಕೊರೆಯಬಲ್ಲುದಾದರೆ ಅಂಥದೇ ಇನ್ನೊಂದನ್ನೂ ಕೊರೆಯಬಲ್ಲುದು. ಬೀಗ ಕೊಂಡವನಿಗೆ ಒಂದೇ ಡಬ್ಬಿಯಲ್ಲಿ ಎರಡು ಮೂರು ಕೈಗಳು ದೊರೆಯತೊಡಗಿದವು. ಒಂದು ಜೇಬಿಗೆ ಹೋಯಿತು. ಉಳಿದುದನ್ನು ಎಲ್ಲಿಡಬೇಕೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ನನಗೆ ಇದನ್ನು ಕಲಿಸಿದ್ದು 1996ರ ಒಂದು ಬೆಳಗು. ಆಗ ನಾವು ಹೆಂಚಿನ ಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಹೆಂಡತಿ ತವರಿಗೆ ಹೋಗಿದ್ದಳು. ಎಂಬತ್ತು ದಾಟಿದ್ದ ನನ್ನ ತಾಯಿ ಒಳಕೋಣೆಯಲ್ಲಿ ಮಲಗಿದ್ದರು. ಹಿಡಿದು ಎಬ್ಬಿಸದೆ ಏಳಲಾರರು, ಕಿವಿಯೂ ಮಂದ. ಹಾಲನ್ನು ಗ್ಯಾಸ್ ಒಲೆಯ ಮೇಲಿಟ್ಟು ಪತ್ರಿಕೆಗಾಗಿ ಗೇಟಿನವರೆಗೆ ಹೋದೆ. ಗಾಳಿಗೆ ಬಾಗಿಲು ಎಳೆದುಕೊಂಡು, ತಾನಾಗಿ ಬೀಳುವ ಬೀಗ ಬಿದ್ದಿತು. ಕೈ ಒಳಗೆ ಮೇಜಿನ ಮೇಲಿತ್ತು.

ಮೊದಲು ನಾನು ಗಾಬರಿಪಡಲಿಲ್ಲ. ಅಂಗಳದ ತುಳಸಿಕಟ್ಟೆಯ ದೀಪದ ಗೂಡಿನಲ್ಲಿ, ಎಣ್ಣೆಯ ಬಟ್ಟೆಯಲ್ಲಿ ಸುತ್ತಿ, ಎರಡನೆಯ ಕೈಯನ್ನು ನಾನೇ ಇಟ್ಟಿದ್ದೆ. ನನ್ನ ಜಾಣ್ಮೆಯನ್ನು ಮೆಚ್ಚಿಕೊಳ್ಳುತ್ತಲೇ ಅದನ್ನು ತೆಗೆದು ಬೀಗಕ್ಕೆ ಹಾಕಿದೆ. ಅದು ತಿರುಗಲಿಲ್ಲ. ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ. ಆಮೇಲೆ ನೆನಪಾಯಿತು: ಹಳೆಯ ಬೀಗ ಸವೆದಿದೆಯೆಂದು ಒಂದೂವರೆ ವರ್ಷದ ಹಿಂದೆ ನಾನೇ ಹೊಸದನ್ನು ಹಾಕಿಸಿದ್ದೆ. ಹೊಸ ಬೀಗದ ಎರಡನೆಯ ಕೈ ಅಂಗಡಿಯ ಡಬ್ಬಿಯಲ್ಲಿಯೇ, ಒಳಮನೆಯ ಬೀರುವಿನಲ್ಲಿ, ಅತ್ಯಂತ ಭದ್ರವಾಗಿತ್ತು!

ಅಷ್ಟರಲ್ಲಿ ಹಾಲು ಸೀದ ವಾಸನೆ ಬಂತು. ಹಾಲು ಉಕ್ಕಿ ಉರಿ ಆರಿದ್ದರೆ ಗ್ಯಾಸು ಮನೆಯನ್ನೆಲ್ಲ ತುಂಬುತ್ತದೆ. ಬಾಗಿಲು ಬಡಿದೆ, ಅಮ್ಮಾ ಎಂದು ಕೂಗಿದೆ. ಒಳಗಿನಿಂದ ಉತ್ತರವಿಲ್ಲ. ಸದ್ದು ಕೇಳಿ ಪಕ್ಕದ ಮನೆಯಾಕೆ ಹೊರಗೆ ಬಂದರು. ಅವರ ಮಗ ಮಾಡು ಹತ್ತಿ ಹೆಂಚು ತೆಗೆದು ಅಡಿಗೆಮನೆಗೆ ಇಳಿದ. ಉರಿ ಆರಿತ್ತು, ಗ್ಯಾಸು ಹರಿಯುತ್ತಿತ್ತು. ಅವನು ಒಲೆಯನ್ನು ಮುಚ್ಚಿ, ಕಿಟಕಿಗಳನ್ನು ತೆಗೆದು, ಬಾಗಿಲು ಬಿಟ್ಟ. ಅಮ್ಮ ಎಚ್ಚರವಾಗಿಯೇ ಇದ್ದರು. “ಬಾಗಿಲು ಎಳೆದುಕೊಂಡು ಎಲ್ಲಿಗೆ ಹೋಗಿದ್ದೆಯೋ?” ಎಂದಷ್ಟೇ ಕೇಳಿದರು.

ಪಕ್ಕದ ಮನೆಯಾಕೆ ಹೊಸ್ತಿಲ ಬಳಿ ನಿಂತು, “ಒಂದು ಕೈ ನಮ್ಮ ಮನೇಲಿ ಕೊಟ್ಟಿದ್ರೆ ಈ ಪಾಡಿರ್ತಿರಲಿಲ್ಲ ಮೇಷ್ಟ್ರೇ” ಎಂದರು. ಆಕ್ಷೇಪಣೆಯಿಂದಲ್ಲ, ಸಹಜವಾಗಿ ಹೇಳಿದ ಮಾತು. ನನಗೆ ಮಾತ್ರ ಅದು ನಾಟಿತು. ಆರು ವರ್ಷಗಳಿಂದ ಸಾರು, ಪಲ್ಯ, ಹಬ್ಬದ ಹೋಳಿಗೆ ಆ ಗೋಡೆಯನ್ನು ದಾಟಿ ಬರುತ್ತಿದ್ದವು. ಆದರೂ ಬೀಗದ ಕೈಯನ್ನು ಅವರಿಗೆ ಕೊಡಬೇಕೆಂದು ನನಗೆ ತೋಚಿರಲಿಲ್ಲ. ತೋಚಿರಲಿಲ್ಲವೆಂಬುದು ಪೂರ್ಣ ಸತ್ಯವಲ್ಲ. ತೋಚಿತ್ತು, ಮನಸ್ಸು ಒಪ್ಪಿರಲಿಲ್ಲ. ಒಳ್ಳೆಯ ನೆರೆಯವರಿಗಿಂತ ಒಂದು ಇಟ್ಟಿಗೆಯ ಗೂಡನ್ನು ನಾನು ಹೆಚ್ಚು ನಂಬಿದ್ದೆ.

ಇದು ಮರೆವಿನ ಮೇಷ್ಟರೊಬ್ಬರ ಕಥೆಯೆಂದು ನೀವು ನಗಬಹುದು. ಆದರೆ ಪುರಿಯ ಜಗನ್ನಾಥ ದೇವಾಲಯದ ರತ್ನಭಂಡಾರದ ಕಥೆಯನ್ನು ಕೇಳಿ. ಆ ಭಂಡಾರದಲ್ಲಿ ಹೊರಕೋಣೆ, ಒಳಕೋಣೆ ಎಂದು ಎರಡಿವೆ. ಹೊರಕೋಣೆಯ ಒಡವೆಗಳು ಉತ್ಸವಗಳಿಗೆ ಬೇಕು. ಅದರ ಕೈಗಳು ಗಜಪತಿ ಅರಸು, ದೇವಾಲಯದ ಆಡಳಿತ, ಭಂಡಾರದ ಸೇವಕ ಈ ಮೂವರಲ್ಲಿ ಹಂಚಿಹೋಗಿವೆ. ಒಳಕೋಣೆ ತೆರೆಯುವುದು ಅಪರೂಪ. 1978ರಲ್ಲಿ ಅಲ್ಲಿನ ಒಡವೆಗಳ ಪಟ್ಟಿಯಾಯಿತು, 1985ರಲ್ಲಿ ಮತ್ತೊಮ್ಮೆ ತೆರೆದರು. ಆಮೇಲೆ 2018ರ ಏಪ್ರಿಲ್ 4ರಂದು ಕಟ್ಟಡದ ಪರಿಶೀಲನೆಗೆಂದು ನ್ಯಾಯಾಲಯದ ಆದೇಶದಂತೆ ತಜ್ಞರು ಹೋದಾಗ ಒಳಕೋಣೆಯ ಕೈಗಳೇ ಇರಲಿಲ್ಲ. ಕಬ್ಬಿಣದ ಜಾಲರಿಯ ಹೊರಗೆ ನಿಂತು ದೀಪ ಬಿಟ್ಟು ನೋಡಿ ಹಿಂದಿರುಗಿದರು. ಸುದ್ದಿ ಹೊರಬಿದ್ದು ನ್ಯಾಯಾಂಗ ತನಿಖೆಗೆ ಆಜ್ಞೆಯಾದ ಕೆಲವು ದಿನಗಳಲ್ಲಿಯೇ, ಜೂನ್ ತಿಂಗಳಲ್ಲಿ, ಜಿಲ್ಲಾಡಳಿತದ ದಾಖಲೆಗಳ ಕೋಣೆಯಲ್ಲಿ ಒಂದು ಲಕೋಟೆ ದೊರೆಯಿತು. ಒಳ ರತ್ನಭಂಡಾರದ ನಕಲು ಕೈಗಳು ಎಂಬರ್ಥದ ಬರಹ ಅದರ ಮೇಲಿತ್ತು. ಕೊನೆಗೆ 2024ರ ಜುಲೈ 14ರಂದು ಒಳಕೋಣೆಯನ್ನು ತೆರೆಯಹೊರಟಾಗ ಕೈಯಲ್ಲಿದ್ದ ಕೈಗಳಿಂದ ಬೀಗಗಳು ತೆರೆಯಲಿಲ್ಲ. ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಅವುಗಳನ್ನು ಒಡೆಯಬೇಕಾಯಿತು.

ನನ್ನ ತುಳಸಿಕಟ್ಟೆಯ ಗೂಡಿಗೂ ಆ ದಾಖಲೆಗಳ ಕೋಣೆಗೂ ಹೋಲಿಕೆ ಸಲ್ಲದು, ನಿಜ. ಆದರೂ ಆ ಸುದ್ದಿಯನ್ನು ಓದಿದಾಗ ತಿರುಗದ ಕೈಯ ಆ ಒರಟು ಸ್ಪರ್ಶ ನನ್ನ ಬೆರಳುಗಳಿಗೆ ಮರುಕಳಿಸಿತು. ದಿನಬಳಕೆಗೆ ಬರುವ ಬಾಗಿಲಿನ ಕೈ ಮನುಷ್ಯರ ನಡುವೆ ಇರುತ್ತದೆ. ಯಾರಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಕಡತದಲ್ಲಿಯೋ ಗೂಡಿನಲ್ಲಿಯೋ ಅಡಗಿದ ಕೈಯನ್ನು ಯಾರೂ ಮುಟ್ಟುವುದಿಲ್ಲ, ಯಾರೂ ಪರೀಕ್ಷಿಸುವುದಿಲ್ಲ.

ಕೈಯನ್ನು ಮನುಷ್ಯರಲ್ಲಿಯೇ ಇಟ್ಟುದಕ್ಕೆ ಒಂದು ಹಿರಿಯ ನಿದರ್ಶನ ಜೆರೂಸಲೇಮಿನಲ್ಲಿದೆ. ಯೇಸುವಿನ ಸಮಾಧಿಯ ಸ್ಥಳವೆಂದು ಕ್ರೈಸ್ತರು ಪೂಜಿಸುವ ಅಲ್ಲಿನ ಮಹಾದೇಗುಲದಲ್ಲಿ ಹಲವು ಕ್ರೈಸ್ತ ಪಂಥಗಳಿಗೆ ಹಕ್ಕಿದೆ. ಅವುಗಳೊಳಗೆ ವ್ಯಾಜ್ಯಗಳೂ ಇವೆ. ಅದರ ಬಾಗಿಲ ಕೈ ಮಾತ್ರ ಶತಮಾನಗಳಿಂದ ಜೂದೆ ಎಂಬ ಮುಸ್ಲಿಂ ಮನೆತನದಲ್ಲಿದೆ. ಆ ಕೈಯಿಂದ ಬಾಗಿಲನ್ನು ತೆರೆಯುವ ಹಕ್ಕು ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನದ್ದು. ಕೈ ಕೊಡುವವನೊಬ್ಬ, ತೆರೆಯುವವನು ಇನ್ನೊಬ್ಬ, ಒಳಗೆ ಪೂಜಿಸುವವರು ಬೇರೆಯವರು! ಹೊರಗಿನವರನ್ನು ನಂಬಿದ್ದರಿಂದಲೇ ಆ ಬಾಗಿಲು ದಿನವೂ ತೆರೆಯುತ್ತಿದೆ.

ಆದ್ದರಿಂದ ಎರಡನೆಯ ಕೈಯನ್ನು ಬಾಗಿಲ ಸುತ್ತಮುತ್ತ ಬಚ್ಚಿಡಬೇಡಿ. ಕಾಲೊರಸಿನ ಅಡಿ, ಹೂಕುಂಡ, ಬಾಗಿಲ ಮೇಲಿನ ಚೌಕಟ್ಟು, ವಿದ್ಯುತ್ ಮೀಟರಿನ ಪೆಟ್ಟಿಗೆ, ಇವು ನಿಮಗೆ ಹೊಳೆಯುವ ಮೊದಲೇ ಕಳ್ಳನಿಗೆ ಹೊಳೆದಿರುತ್ತವೆ. ಹಗಲೆಲ್ಲ ಯಾರಾದರೊಬ್ಬರು ಮನೆಯಲ್ಲಿರುವ, ಕರೆದರೆ ಓಗೊಡುವ ನೆರೆಯವರಿಗೆ ಕೊಡಿ. ಅದರ ಮೇಲೆ ವಿಳಾಸ ಬರೆಯಬೇಡಿ. ಒಂದು ಬಣ್ಣದ ದಾರ ಸಾಕು. ಯಾರಿಗೆ ಕೊಟ್ಟಿದ್ದೀರೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿರಲಿ. ಬೀಗ ಬದಲಾಯಿಸಿದ ದಿನವೇ ಹಳೆಯ ಕೈಯನ್ನು ಹಿಂದಕ್ಕೆ ತಂದು ಹೊಸದನ್ನು ಕೊಡಿ. ಕೆಲವು ಬೀಗಗಳು ಒಳಗಡೆ ಕೈ ಸಿಕ್ಕಿಸಿದ್ದರೆ ಹೊರಗಿನಿಂದ ತೆರೆಯುವುದಿಲ್ಲ. ನಿಮ್ಮದು ಅಂಥದೇ ಎಂಬುದನ್ನು ಇಂದೇ ನೋಡಿಕೊಳ್ಳಿ. ಈಗ ಅಂಕಿಗಳನ್ನು ಒತ್ತಿ ತೆರೆಯುವ ಬೀಗಗಳು ಬಂದಿವೆ. ಅವುಗಳ ಅಂಕಿಯೂ ಒಂದು ಕೈಯೇ. ಅದು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ, ಆ ಒಬ್ಬರಿಗೆ ಏನಾದರೂ ಆದ ದಿನ ಮನೆಯವರೆಲ್ಲ ಬೀದಿಯಲ್ಲಿ ನಿಲ್ಲಬೇಕಾದೀತು.

ನನ್ನ ತಾಯಿ ಈಗಿಲ್ಲ. ನಾವು ಬೇರೆ ಮನೆಗೆ ಬಂದು ಬಹಳ ಕಾಲವಾಯಿತು. ನಮ್ಮ ಎರಡನೆಯ ಕೈ ಎದುರು ಮನೆಯ ಅಡಿಗೆಮನೆಯ ಮೊಳೆಯೊಂದರಲ್ಲಿ ಕೆಂಪು ದಾರದಿಂದ ತೂಗುತ್ತದೆ. ಅವರದು ನಮ್ಮ ಬೀರುವಿನಲ್ಲಿದೆ. ಮಕ್ಕಳ ಮದುವೆಯಿಂದಾಗದಿದ್ದರೂ ಬಾಗಿಲುಗಳ ನಂಟಿನಿಂದ ನಾವು ಒಂದು ಬಗೆಯ ಬೀಗರಾಗಿದ್ದೇವೆ. ಪ್ರತಿ ಯುಗಾದಿಯಂದು ಬೇವುಬೆಲ್ಲ ಕೊಡಲು ಹೋದಾಗ ಆ ಕೈಯನ್ನು ಕೇಳಿ ತಂದು, ನಮ್ಮ ಬಾಗಿಲಿಗೆ ಹಾಕಿ ಒಮ್ಮೆ ತಿರುಗಿಸಿ ನೋಡುತ್ತೇನೆ. ಈ ವರ್ಷವೂ ತಿರುಗಿತು. ಒರೆಸಿ, ಅದೇ ಮೊಳೆಗೆ ತೂಗುಹಾಕಿ ಬಂದೆ.